ಹೃದಯದ ತಾಳ ತಪ್ಪಿದಾಗ: ಅಬ್ಲೇಶನ್ ಚಿಕಿತ್ಸೆಗೆ ಹೋಗುವ ಸದಸ್ಯರಿಗೆ ಮಾಹಿತಿ



ಕಳೆದ ಕೆಲವು ತಿಂಗಳಲ್ಲಿ ನಾಲ್ವರು ಸದಸ್ಯರು ಫೋನ್ ಮಾಡಿ ನನಗೆ ಒಂದೇ ವಿಷಯ ಕೇಳಿದ್ದಾರೆ. ಒಬ್ಬರು ಹೊಸೂರಿನವರು, ಒಬ್ಬರು ಅಕ್ಕಲಕೋಟೆಯವರು, ಇಬ್ಬರು ನಮ್ಮ ಕಾಸರಗೋಡಿನವರೇ. "ನಿಮಗೆ ಹೃದಯದ ಬಡಿತ ಸರಿ ಮಾಡುವ ಚಿಕಿತ್ಸೆ ಆಗಿದೆಯಂತಲ್ಲ, ಎದೆ ಕೊಯ್ಯುತ್ತಾರೆಯೇ, ನೋವಿದೆಯೇ, ಎಷ್ಟು ದಿನ ಮಲಗಬೇಕು?" ಎಂದು. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳುವುದಕ್ಕಿಂತ ಒಮ್ಮೆ ಬರೆದು ಹಾಕಿದರೆ ಎಲ್ಲರಿಗೂ ಅನುಕೂಲ ಎಂದು ಈ ಲೇಖನ. ನಾನು ವೈದ್ಯನಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ವೈದ್ಯರಿಂದ ಕೇಳಿ ತಿಳಿದದ್ದನ್ನೂ ನನ್ನ ದೇಹ ಕಂಡದ್ದನ್ನೂ ಕ್ರಮವಾಗಿ ಬರೆದಿದ್ದೇನೆ. ನಿಮ್ಮ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯ ಮಾತು.

1. ಬಡಿತ ತಪ್ಪುವುದು ಎಂದರೇನು?

ಹೃದಯದ ಮೇಲಿನ ಬಲ ಕೋಣೆಯಲ್ಲಿ ಸೈನಸ್ ನೋಡ್ ಎಂಬ ಸಣ್ಣ ಜಾಗವಿದೆ. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಸಲ ಅಲ್ಲಿಂದ ವಿದ್ಯುತ್ ಸಂಕೇತ ಹೊರಡುತ್ತದೆ. ಮೇಲಿನ ಎರಡು ಕೋಣೆಗಳನ್ನು ದಾಟಿ, ನಡುವಿನ ಎ.ವಿ. ನೋಡ್ ಎಂಬ ಬಾಗಿಲಲ್ಲಿ ಅದು ಕ್ಷಣ ನಿಂತು, ಕೆಳಗಿನ ಎರಡು ಕೋಣೆಗಳಿಗೆ ಹರಿಯುತ್ತದೆ. ಆಗ ಹೃದಯ ಹಿಂಡಿ ರಕ್ತವನ್ನು ತಳ್ಳುತ್ತದೆ.

ಯಕ್ಷಗಾನ ನೋಡಿದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಸೈನಸ್ ನೋಡ್ ಎಂದರೆ ಭಾಗವತರು. ಅವರು ತಾಳ ಹಾಕಿದಂತೆ ಚೆಂಡೆ ಮದ್ದಳೆ ನಡೆಯಬೇಕು. ಬಡಿತ ತಪ್ಪುವುದೆಂದರೆ ಭಾಗವತರನ್ನು ಬಿಟ್ಟು ಬೇರೆ ಯಾರೋ ತಾಳ ಹಾಕಲು ತೊಡಗುವುದು. ಇದರಲ್ಲಿ ಮುಖ್ಯವಾಗಿ ಕೆಳಗಿನ ಬಗೆಗಳಿವೆ.

ಎಸ್.ವಿ.ಟಿ.: ಹೃದಯದಲ್ಲಿ ಹೆಚ್ಚುವರಿ ತಂತಿಯಂತಹ ಒಂದು ದಾರಿ ಇದ್ದು, ಸಂಕೇತ ಅದರಲ್ಲಿ ಸುತ್ತು ಹಾಕುತ್ತದೆ. ಕುಳಿತಲ್ಲೇ ಬಡಿತ ಒಮ್ಮೆಲೇ 150ರಿಂದ 220ಕ್ಕೆ ಏರುತ್ತದೆ, ಹಾಗೆಯೇ ಒಮ್ಮೆಲೇ ನಿಲ್ಲುತ್ತದೆ. ಯುವಕರಲ್ಲೂ ಕಾಣುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ "ಗಾಬರಿ ಅಷ್ಟೇ" ಎಂದು ವರ್ಷಗಟ್ಟಲೆ ಹೇಳಿ ಕಳಿಸಿದ ಕಾಯಿಲೆ ಇದು.

ಏಟ್ರಿಯಲ್ ಫ್ಲಟರ್: ಮೇಲಿನ ಕೋಣೆಯಲ್ಲಿ ಸಂಕೇತ ಒಂದೇ ಸುತ್ತಿನಲ್ಲಿ ವೇಗವಾಗಿ ತಿರುಗುವುದು.

ಏಟ್ರಿಯಲ್ ಫಿಬ್ರಿಲೇಶನ್, ಚಿಕ್ಕದಾಗಿ ಎ.ಎಫ್.: ಮೇಲಿನ ಕೋಣೆಗಳು ಹಿಂಡುವುದನ್ನು ಬಿಟ್ಟು ಬರೀ ನಡುಗುತ್ತವೆ. ನಾಡಿ ಹಿಡಿದರೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಲೆಕ್ಕವೇ ಸಿಗುವುದಿಲ್ಲ. ವಯಸ್ಸಾದವರಲ್ಲಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕವಾಟದ ತೊಂದರೆ, ಬೊಜ್ಜು, ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆ ಇರುವವರಲ್ಲಿ ಮತ್ತು ಮದ್ಯಪಾನ ಮಾಡುವವರಲ್ಲಿ ಹೆಚ್ಚು. ನನಗಾದದ್ದು ಇದೇ.

ವಿ.ಟಿ.: ಕೆಳಗಿನ ಕೋಣೆಗಳಿಂದ ಹುಟ್ಟುವ ವೇಗದ ಬಡಿತ. ಹಿಂದೆ ಹೃದಯಾಘಾತ ಆದವರಿಗೆ ಇದು ಪ್ರಾಣಾಪಾಯ ತರಬಲ್ಲದು. ಇದರ ಚಿಕಿತ್ಸೆಯೇ ಬೇರೆ ಮಟ್ಟದ್ದು, ಈ ಲೇಖನದಲ್ಲಿ ವಿಸ್ತರಿಸಿಲ್ಲ.

2. ಚಿಕಿತ್ಸೆಯ ದಾರಿಗಳು

ಮೊದಲನೆಯದು ಮಾತ್ರೆ. ವೇಗ ತಗ್ಗಿಸುವ ಮಾತ್ರೆ ಬೇರೆ, ತಾಳ ಸರಿಪಡಿಸುವ ಮಾತ್ರೆ ಬೇರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ಬೇರೆ. ಈ ಮೂರನ್ನು ಒಂದೇ ಎಂದು ತಿಳಿಯಬಾರದು.

ಎರಡನೆಯದು ಕಾರ್ಡಿಯೋವರ್ಷನ್, ಜನ ಹೇಳುವಂತೆ "ಶಾಕ್ ಕೊಡುವುದು". ಅಲ್ಪ ಹೊತ್ತು ಮಂಪರು ಬರಿಸಿ ಎದೆಯ ಮೇಲೆ ಅಂಟಿಸಿದ ಪಟ್ಟಿಗಳ ಮೂಲಕ ಒಂದು ಲೆಕ್ಕದ ವಿದ್ಯುತ್ ಕೊಡುತ್ತಾರೆ. ತಾಳ ಮರಳುತ್ತದೆ, ಆದರೆ ತಪ್ಪಿಸುವ ಮೂಲ ಅಲ್ಲೇ ಉಳಿದಿರುತ್ತದೆ.

ಮೂರನೆಯದು ಕ್ಯಾಥೆಟರ್ ಅಬ್ಲೇಶನ್. ಇದರಲ್ಲಿ ತಪ್ಪು ತಾಳ ಹುಟ್ಟುವ ಜಾಗವನ್ನೇ ಹುಡುಕಿ, ಅಷ್ಟು ಜಾಗವನ್ನು ಮಾತ್ರ ಸುಟ್ಟು ಅಥವಾ ಹೆಪ್ಪುಗಟ್ಟಿಸಿ ಸುಮ್ಮನಾಗಿಸುತ್ತಾರೆ.

ಪೇಸ್‌ಮೇಕರ್ ಎಂಬುದು ಬೇರೆಯೇ. ಅದು ಬಡಿತ ತೀರಾ ನಿಧಾನವಾದವರಿಗೆ ಇಡುವ ಯಂತ್ರ. ಆಂಜಿಯೋಪ್ಲಾಸ್ಟಿ, ಸ್ಟೆಂಟ್ ಎಂಬುದು ರಕ್ತನಾಳದ ಅಡಚಣೆಗೆ. ಹೃದಯಕ್ಕೆ ರಕ್ತದ ನಾಳವೂ ಇದೆ, ವಿದ್ಯುತ್ತಿನ ದಾರಿಯೂ ಇದೆ. ಅಬ್ಲೇಶನ್ ವಿದ್ಯುತ್ತಿನ ದಾರಿಯ ರಿಪೇರಿ. ಇದನ್ನು ಮಾಡುವ ಹೃದ್ರೋಗ ತಜ್ಞರಿಗೆ ಎಲೆಕ್ಟ್ರೋಫಿಸಿಯಾಲಜಿಸ್ಟ್ ಅನ್ನುತ್ತಾರೆ. ಎಲ್ಲ ಊರಿನ ಹೃದಯದ ಆಸ್ಪತ್ರೆಯಲ್ಲೂ ಇವರು ಇರುವುದಿಲ್ಲ, ವಿಚಾರಿಸಿಯೇ ಹೋಗಬೇಕು.

3. ಈ ಚಿಕಿತ್ಸೆ ಬಂದ ದಾರಿ

ಡಚ್ ವಿಜ್ಞಾನಿ ವಿಲ್ಲೆಂ ಐಂತೋವನ್ ಇಸಿಜಿಯನ್ನು ಬಳಕೆಗೆ ತಂದದ್ದಕ್ಕೆ 1924ರಲ್ಲಿ ನೊಬೆಲ್ ಪಡೆದರು. ತಪ್ಪು ತಾಳ ಕಾಗದದ ಮೇಲೆ ಕಂಡರೂ ಅದನ್ನು ನಿಲ್ಲಿಸಲು ಬಹುಕಾಲ ಮಾತ್ರೆ, ಇಲ್ಲವೇ ಎದೆ ತೆರೆಯುವ ಶಸ್ತ್ರಚಿಕಿತ್ಸೆ ಎರಡೇ ದಾರಿ. 1980ರ ದಶಕದ ಆರಂಭದಲ್ಲಿ ರಕ್ತನಾಳದ ಮೂಲಕ ತಂತಿ ಕಳಿಸಿ ಒಳಗಿನಿಂದಲೇ ಚಿಕಿತ್ಸೆ ಮಾಡುವುದು ಶುರುವಾಯಿತು. ಅದೇ ದಶಕದ ಕೊನೆಗೆ ರೇಡಿಯೋ ತರಂಗದ ಬಿಸಿ ಬಳಸುವ ಕ್ರಮ ಬಂದು ಕೆಲಸ ಸುರಕ್ಷಿತವಾಯಿತು. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು, ಎ.ಎಫ್. ಬಹುಪಾಲು ಶ್ವಾಸಕೋಶದಿಂದ ಹೃದಯಕ್ಕೆ ಬರುವ ಅಭಿಧಮನಿಗಳ ಬಾಯಲ್ಲಿ ಹುಟ್ಟುತ್ತದೆ ಎಂದು ತೋರಿಸಿದರು. ಇಂದಿನ ಎ.ಎಫ್. ಅಬ್ಲೇಶನ್ ಆ ನಾಲ್ಕು ಬಾಯಿಗಳ ಸುತ್ತ ಬೇಲಿ ಕಟ್ಟುವ ಕೆಲಸ. ತಪ್ಪು ಸಂಕೇತ ಒಳಗೇ ಉಳಿಯುತ್ತದೆ, ಹೃದಯಕ್ಕೆ ದಾಟುವುದಿಲ್ಲ.

ಬೇಲಿಯನ್ನು ಬಿಸಿಯಿಂದ ಕಟ್ಟುವುದು ರೇಡಿಯೋಫ್ರೀಕ್ವೆನ್ಸಿ, ತಣ್ಣಗಿನ ಬಲೂನಿನಿಂದ ಕಟ್ಟುವುದು ಕ್ರಯೋ, ಅತಿ ಸಣ್ಣ ವಿದ್ಯುತ್ ಮಿಡಿತಗಳಿಂದ ಕಟ್ಟುವುದು ಇತ್ತೀಚಿನ ಪಲ್ಸ್ಡ್ ಫೀಲ್ಡ್ ವಿಧಾನ. ಯಾವುದು ನಿಮಗೆ ಎಂದು ವೈದ್ಯರೇ ನಿರ್ಧರಿಸುತ್ತಾರೆ.

4. ಹೋಗುವ ಮೊದಲು

ತಪ್ಪು ತಾಳ ಇರುವಾಗಲೇ ತೆಗೆದ ಇಸಿಜಿ ಒಂದು ಇದ್ದರೆ ಅದಕ್ಕಿಂತ ದೊಡ್ಡ ದಾಖಲೆ ಇಲ್ಲ. ಎದೆ ಢವಢವ ಅಂದಾಗ ಹತ್ತಿರದ ಯಾವುದೇ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ, ಅದರ ಪ್ರತಿ ಕೇಳಿ ಪಡೆಯಿರಿ. ಇಸಿಜಿಯ ಕಾಗದದಲ್ಲಿ ಅಕ್ಷರ ವರ್ಷಕ್ಕೆಲ್ಲ ಮಾಸುತ್ತದೆ, ಜೆರಾಕ್ಸ್ ಮಾಡಿಸಿ ಮೊಬೈಲಿನಲ್ಲೂ ಫೋಟೋ ತೆಗೆದಿಡಿ.

ಎಕೋ, ರಕ್ತ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಸಾಮಾನ್ಯ. ಬಡಿತ ಆಗಾಗ ಮಾತ್ರ ತಪ್ಪುವವರಿಗೆ 24 ಗಂಟೆ ಅಥವಾ ಹೆಚ್ಚು ಹೊತ್ತು ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರ ಕೊಡುತ್ತಾರೆ. ಎ.ಎಫ್. ಇರುವವರಿಗೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡಲು ಗಂಟಲ ಮೂಲಕ ಕೊಳವೆ ಇಳಿಸಿ ಮಾಡುವ ಎಕೋ ಅಥವಾ ಸಿ.ಟಿ. ಸ್ಕ್ಯಾನ್ ಇರಬಹುದು.

ಮಾತ್ರೆಗಳ ಪಟ್ಟಿಯನ್ನು ಬರೆದು ಒಯ್ಯಿರಿ. ತಾಳ ಸರಿಪಡಿಸುವ ಮಾತ್ರೆಯನ್ನು ಕೆಲವೊಮ್ಮೆ ಕೆಲವು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಸಕ್ಕರೆಯ ಮಾತ್ರೆ, ಇನ್ಸುಲಿನ್ ಯಾವಾಗ ಬಿಡಬೇಕು ಎಂದು ಕೇಳಿ ಬರೆಸಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ಒಂದು ಹೊತ್ತೂ ತಪ್ಪಿಸಬಾರದು. ಆಯುರ್ವೇದದ ಕಷಾಯ, ಗುಳಿಗೆ ಇದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ. ಹಿಂದಿನ ರಾತ್ರಿಯಿಂದ, ಕನಿಷ್ಠ 6 ಗಂಟೆ, ಊಟ ಇಲ್ಲ.

5. ಆ ದಿನ

ತೊಡೆಸಂದಿನ ಎರಡೂ ಬದಿ ಕೂದಲು ತೆಗೆಯುತ್ತಾರೆ. ಕೈಗೆ ಡ್ರಿಪ್ ಹಾಕುತ್ತಾರೆ. ಕ್ಯಾಥ್ ಲ್ಯಾಬ್ ಎಂಬ ಕೋಣೆ ತುಂಬ ತಣ್ಣಗಿರುತ್ತದೆ, ಮೇಜು ಅಗಲ ಕಿರಿದು. ಎದೆಗೂ ಬೆನ್ನಿಗೂ ಪಟ್ಟಿಗಳನ್ನು ಅಂಟಿಸುತ್ತಾರೆ. ಎದೆ ಕೊಯ್ಯುವುದಿಲ್ಲ, ಹೊಲಿಗೆಯ ಸಾಲೂ ಇರುವುದಿಲ್ಲ. ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಲಿನ ಅಭಿಧಮನಿಯ ಮೂಲಕ ತೆಳು ತಂತಿಗಳನ್ನು ಹೃದಯದವರೆಗೆ ಕಳಿಸುತ್ತಾರೆ. ಒಳಗೆ ತಂತಿ ಸರಿದದ್ದು ಗೊತ್ತಾಗುವುದಿಲ್ಲ.

ಎಸ್.ವಿ.ಟಿ.ಗೆ ಸಾಮಾನ್ಯವಾಗಿ ರೋಗಿ ಎಚ್ಚರವಿರುವಾಗ ಅಥವಾ ಅಲ್ಪ ಮಂಪರಿನಲ್ಲಿ ಮಾಡುತ್ತಾರೆ. ಮೊದಲು ವೈದ್ಯರು ಬೇಕೆಂದೇ ಆ ವೇಗದ ಬಡಿತವನ್ನು ಎಬ್ಬಿಸುತ್ತಾರೆ. ಯಾವ ದಾರಿಯಲ್ಲಿ ಸುತ್ತುತ್ತಿದೆ ಎಂದು ನೋಡಲು ಅದು ಬೇಕು. ಆಗ ಹೆದರಬೇಡಿ, ನಿಲ್ಲಿಸುವ ಉಪಾಯವೂ ಅವರ ಕೈಯಲ್ಲೇ ಇರುತ್ತದೆ. ಸುಡುವಾಗ ಎದೆಯಲ್ಲಿ ಕೆಲವು ಸೆಕೆಂಡು ಬಿಸಿ ಅಥವಾ ಒತ್ತಿದ ಅನುಭವ ಆಗಬಹುದು. ನೋವಾದರೆ ಬಾಯಿಬಿಟ್ಟು ಹೇಳಿ, ಅಲುಗಾಡಬೇಡಿ. ಎಲ್ಲ ಸೇರಿ 1ರಿಂದ 3 ಗಂಟೆ.

ಎ.ಎಫ್.ಗೆ ಹೆಚ್ಚಾಗಿ ಪೂರ್ಣ ಅರಿವಳಿಕೆ ಅಥವಾ ಆಳವಾದ ಮಂಪರು. ತಂತಿಯನ್ನು ಬಲ ಕೋಣೆಯಿಂದ ಎಡ ಕೋಣೆಗೆ ನಡುಗೋಡೆಯಲ್ಲಿ ಸಣ್ಣ ರಂಧ್ರ ಮಾಡಿ ದಾಟಿಸುತ್ತಾರೆ. ಆ ರಂಧ್ರ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಹೃದಯದ ನಕ್ಷೆ ಬರೆದುಕೊಂಡು ಕೆಲಸ ಮಾಡುತ್ತಾರೆ. 2ರಿಂದ 4 ಗಂಟೆ ಹಿಡಿಯುತ್ತದೆ. ನನ್ನನ್ನು ಬೆಳಿಗ್ಗೆ 9ಕ್ಕೆ ಒಳಗೆ ಕರೆದೊಯ್ದದ್ದು ನೆನಪಿದೆ, ಕಣ್ಣು ಬಿಟ್ಟಾಗ ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಹೊರಗೆ ಕುಳಿತವರಿಗೆ ಈ ಸಮಯದ ಲೆಕ್ಕ ಮೊದಲೇ ಹೇಳಿ. ನನ್ನ ಮನೆಯವಳು ಒಂದು ಗಂಟೆ ಎಂದು ತಿಳಿದು ನಾಲ್ಕು ಗಂಟೆ ದೇವರ ಹೆಸರು ಹೇಳುತ್ತ ಕುಳಿತಿದ್ದಳು.

6. ವಾರ್ಡಿನಲ್ಲಿ

ತಂತಿ ತೆಗೆದ ಮೇಲೆ ತೊಡೆಸಂದನ್ನು ಒತ್ತಿ ಹಿಡಿದು ಬಿಗಿಯಾದ ಪಟ್ಟಿ ಹಾಕುತ್ತಾರೆ. ಇನ್ನು 4ರಿಂದ 6 ಗಂಟೆ ಅಂಗಾತ ಮಲಗಿರಬೇಕು, ಕಾಲು ಮಡಚಬಾರದು. ಇಡೀ ಚಿಕಿತ್ಸೆಯಲ್ಲಿ ನನಗೆ ಕಷ್ಟವೆನಿಸಿದ್ದು ಇದೊಂದೇ. ಬೆನ್ನು ನೋಯುತ್ತದೆ, ಮಲಗಿದಲ್ಲೇ ಮೂತ್ರ ಮಾಡಲು ಸಂಕೋಚ. ಸಂಕೋಚ ಬಿಡಿ, ಎದ್ದರೆ ರಕ್ತ ಸುರಿಯುತ್ತದೆ. ಕೆಮ್ಮು, ಸೀನು ಬಂದರೆ ಪಟ್ಟಿಯ ಮೇಲೆ ಕೈ ಒತ್ತಿಕೊಳ್ಳಿ. ಪಟ್ಟಿ ಒದ್ದೆಯಾದಂತೆ, ಬಿಸಿಯಾದಂತೆ ಅನಿಸಿದರೆ ಕೂಡಲೇ ನರ್ಸನ್ನು ಕರೆಯಿರಿ. ರಾತ್ರಿಯಿಡೀ ಬಡಿತ ನೋಡುತ್ತಾರೆ. ಬಹುಮಟ್ಟಿಗೆ ಮರುದಿನ ಮನೆಗೆ ಕಳಿಸುತ್ತಾರೆ.

7. ಮನೆಗೆ ಬಂದ ಮೇಲೆ

ಮೊದಲ ವಾರ 5 ಕಿಲೋಗಿಂತ ಹೆಚ್ಚು ಭಾರ ಎತ್ತಬೇಡಿ. ನೀರಿನ ಕೊಡ, ಅಡಿಕೆ ಗೋಣಿ, ಮೊಮ್ಮಕ್ಕಳು, ಎಲ್ಲವೂ ಇದರಲ್ಲಿ ಬಂತು. ಕುಕ್ಕರಗಾಲಿನಲ್ಲಿ ಕೂರಬೇಡಿ. ಮನೆಯಲ್ಲಿ ಹಳೆಯ ಪದ್ಧತಿಯ ಶೌಚಾಲಯ ಇದ್ದರೆ ಮೇಲೆ ಇಡುವ ಕುರ್ಚಿಯನ್ನು ಮೊದಲೇ ತಂದಿಡಿ. ನೆಲದ ಪಂಕ್ತಿ ಊಟವೂ ಆ ವಾರ ಬೇಡ. ಸ್ನಾನ ಮಾಡಬಹುದು, ಕೆರೆ, ಹೊಳೆ, ಕಲ್ಯಾಣಿಯಲ್ಲಿ ಮುಳುಗುವುದು ಬೇಡ. ಸ್ಕೂಟರು, ಕಾರು ಯಾವಾಗ ಓಡಿಸಬಹುದೆಂದು ವೈದ್ಯರನ್ನು ಕೇಳಿ.

ತೊಡೆಯಲ್ಲಿ ನೀಲಿ ಕಲೆ ಮೂಡಿ ಮೊಣಕಾಲವರೆಗೆ ಇಳಿಯಬಹುದು, ಎರಡು ವಾರದಲ್ಲಿ ಮಾಯುತ್ತದೆ. ತೂತಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಸಾಮಾನ್ಯ. ಎ.ಎಫ್. ಅಬ್ಲೇಶನ್ ಆದವರಿಗೆ ದೀರ್ಘ ಉಸಿರೆಳೆದಾಗ ಕೆಲವು ದಿನ ಎದೆ ಚುಚ್ಚಬಹುದು. ಸುಸ್ತು ಒಂದೆರಡು ವಾರ ಇರುತ್ತದೆ. ವಿಶ್ರಾಂತಿಯ ನಾಡಿ ಮೊದಲಿಗಿಂತ ಸ್ವಲ್ಪ ಹೆಚ್ಚಾಗಿ ಕೆಲವು ತಿಂಗಳು ಉಳಿಯಬಹುದು.

ಎಲ್ಲಕ್ಕಿಂತ ಮುಖ್ಯ ಮಾತು: ಎ.ಎಫ್. ಅಬ್ಲೇಶನ್ ಆದ ಮೇಲೆ ಮೊದಲ ಎರಡು ಮೂರು ತಿಂಗಳಲ್ಲಿ ಬಡಿತ ಮತ್ತೆ ತಪ್ಪಿದರೆ ಚಿಕಿತ್ಸೆ ವ್ಯರ್ಥವಾಯಿತು ಎಂದಲ್ಲ. ಸುಟ್ಟ ಜಾಗ ಊದಿಕೊಂಡಿರುತ್ತದೆ, ಗಾಯ ಒಣಗಿ ಗಟ್ಟಿಯಾಗಲು ಕಾಲ ಬೇಕು. ನನಗೆ ಮೂರನೆಯ ವಾರದಲ್ಲಿ ಒಂದು ರಾತ್ರಿಯಿಡೀ ಹಳೆಯ ಢವಢವ ಬಂತು. ಕೊಟ್ಟ ಹಣವೆಲ್ಲ ನೀರಿನಲ್ಲಿ ಹೋಯಿತೆಂದು ಬೆಳಗಾಗುವವರೆಗೆ ಕುಳಿತಿದ್ದೆ. ಬೆಳಿಗ್ಗೆ ಇಸಿಜಿ ತೆಗೆಸಿ ಕಳಿಸಿದಾಗ ವೈದ್ಯರು ಮಾತ್ರೆಯ ಪ್ರಮಾಣ ಬದಲಿಸಿದರು. ಎರಡು ದಿನದಲ್ಲಿ ತಾಳ ಕೂಡಿತು. ಆಮೇಲೆ ಬಂದಿಲ್ಲ.

8. ಫಲ ಎಷ್ಟು, ಅಪಾಯ ಎಷ್ಟು?

ಎಸ್.ವಿ.ಟಿ. ಮತ್ತು ಸಾಮಾನ್ಯ ಬಗೆಯ ಫ್ಲಟರಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಗುಣ. ಅವರಲ್ಲಿ ಹೆಚ್ಚಿನವರು ಮತ್ತೆ ಮಾತ್ರೆ ನುಂಗಬೇಕಿಲ್ಲ. ಎ.ಎಫ್. ಹಾಗಲ್ಲ. ಬಂದು ಹೋಗುವ ಬಗೆಯದಾದರೆ ಒಂದು ಚಿಕಿತ್ಸೆಗೆ ನೂರಕ್ಕೆ ಸುಮಾರು 60ರಿಂದ 80 ಮಂದಿಗೆ ಒಂದು ವರ್ಷದ ನಂತರವೂ ತೊಂದರೆ ಇರುವುದಿಲ್ಲ. ಸದಾ ಉಳಿದುಬಿಟ್ಟ ಎ.ಎಫ್.ನಲ್ಲಿ ಈ ಲೆಕ್ಕ ಇನ್ನೂ ಕಡಿಮೆ. ಕೆಲವರಿಗೆ ಎರಡನೆಯ ಸಲ ಮಾಡಬೇಕಾಗುತ್ತದೆ. ತೂಕ ಇಳಿಸುವುದು, ರಕ್ತದೊತ್ತಡ ಹತೋಟಿ, ಮದ್ಯ ಬಿಡುವುದು, ಗೊರಕೆಗೆ ಚಿಕಿತ್ಸೆ, ಇವನ್ನು ಮಾಡಿದವರಲ್ಲಿ ಫಲ ಚೆನ್ನಾಗಿ ಉಳಿಯುತ್ತದೆ.

ಅಪಾಯದಲ್ಲಿ ಸಾಮಾನ್ಯವಾದದ್ದು ತೊಡೆಸಂದಿನ ರಕ್ತಸ್ರಾವ. ಎ.ಎಫ್. ಅಬ್ಲೇಶನ್‌ನಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಹೃದಯದ ಸುತ್ತ ರಕ್ತ ತುಂಬಬಹುದು, ಅದನ್ನು ಅಲ್ಲೇ ಸೂಜಿಯಿಂದ ತೆಗೆಯುತ್ತಾರೆ. ಪಾರ್ಶ್ವವಾಯು ಅದಕ್ಕಿಂತ ಅಪರೂಪ. ಎಸ್.ವಿ.ಟಿ.ಯಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ ಸಹಜ ದಾರಿಗೇ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗಬಹುದು. ಎ.ಎಫ್. ಅಬ್ಲೇಶನ್ ಆದ ಸಾವಿರಕ್ಕೆ ಒಬ್ಬರಿಗೂ ಆಗದಷ್ಟು ಅಪರೂಪದ, ಆದರೆ ಪ್ರಾಣಾಂತಿಕವಾದ ಒಂದು ತೊಂದರೆ ಹೃದಯ ಮತ್ತು ಅನ್ನನಾಳದ ನಡುವೆ ರಂಧ್ರವಾಗುವುದು. ಅದು ಕಾಣಿಸಿಕೊಳ್ಳುವುದು ಮನೆಗೆ ಬಂದು ಒಂದು ವಾರದಿಂದ ಎರಡು ತಿಂಗಳ ಒಳಗೆ. ಆದುದರಿಂದ ಅದನ್ನು ರೋಗಿಯ ಮನೆಯವರು ತಿಳಿದಿರಬೇಕು.

9. ರಕ್ತ ತೆಳುವಾಗಿಸುವ ಮಾತ್ರೆ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಎ.ಎಫ್.ನಲ್ಲಿ ಮೇಲಿನ ಕೋಣೆ ಹಿಂಡದೆ ನಡುಗುವುದರಿಂದ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಎ.ಎಫ್. ಇರುವವರಿಗೆ ಈ ಅಪಾಯ ಇಲ್ಲದವರಿಗಿಂತ ಸುಮಾರು ಐದು ಪಟ್ಟು. ಇದನ್ನು ತಡೆಯಲು ವಾರ್ಫರಿನ್, ಅಸಿಟ್ರಾಮ್, ಡಾಬಿಗಟ್ರಾನ್, ರಿವರೋಕ್ಸಬಾನ್, ಅಪಿಕ್ಸಬಾನ್ ಇಂತಹ ಮಾತ್ರೆ ಕೊಡುತ್ತಾರೆ. ತಾಳ ಮರಳಿ ಸರಿಯಾದ ಕೂಡಲೇ ಅಪಾಯ ಹೋಗುವುದಿಲ್ಲ. ಶಾಕ್ ಕೊಟ್ಟ ನಂತರದ ಮೊದಲ ನಾಲ್ಕು ವಾರ, ಅಬ್ಲೇಶನ್ ನಂತರದ ಕನಿಷ್ಠ ಎರಡು ತಿಂಗಳು ಅತಿ ಎಚ್ಚರಿಕೆಯ ಕಾಲ. ನಡುಗಿ ದಣಿದ ಕೋಣೆ ಮತ್ತೆ ಸರಿಯಾಗಿ ಹಿಂಡಲು ಕೆಲವು ವಾರ ಬೇಕು.

ನನ್ನ ಅಕ್ಕನ ಯಜಮಾನರು ಕುಂಬಳೆ ಕಡೆಯವರು. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ನಮ್ಮ ಸಂಘದ ವಾರ್ಷಿಕೋತ್ಸವದಲ್ಲೂ ಎರಡು ಸಲ ಕರ್ಣನ ಅರ್ಥ ಹೇಳಿದ್ದಾರೆ, ಕೇಳಿದವರಿಗೆ ನೆನಪಿರಬಹುದು. ಅವರಿಗೆ ಎ.ಎಫ್. ಆಗಿ ಶಾಕ್ ಕೊಟ್ಟು ತಾಳ ಸರಿಪಡಿಸಿ ಕಳಿಸಿದ್ದರು. ಡಿಸ್ಚಾರ್ಜ್ ಚೀಟಿಯಲ್ಲಿ ಸಲಹೆಗಳೆಲ್ಲ ಮಲಯಾಳದಲ್ಲಿದ್ದವು. ಭಾವ ಕನ್ನಡ ಶಾಲೆಯಲ್ಲಿ ಓದಿದವರು. ಮಲಯಾಳ ಮಾತಾಡುತ್ತಾರೆ, ಓದಲು ಬಾರದು. ಹನ್ನೆರಡನೆಯ ದಿನ "ಎದೆ ಢವಢವ ನಿಂತಿತಲ್ಲ, ಇನ್ನು ಈ ದುಬಾರಿ ಮಾತ್ರೆ ಯಾಕೆ" ಎಂದು ತಾವೇ ನಿಲ್ಲಿಸಿದರು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು.

ಆ ಚೀಟಿಯಲ್ಲಿ ಮೂರನೆಯ ಸಾಲಿನಲ್ಲಿ ಬರೆದಿತ್ತು, ವೈದ್ಯರು ಹೇಳದೆ ಈ ಮಾತ್ರೆ ನಿಲ್ಲಿಸಬಾರದೆಂದು. ನನಗೆ ಮಲಯಾಳ ಓದಲು ಬರುತ್ತದೆ, ಕಚೇರಿಯಲ್ಲಿ ಮೂವತ್ತು ವರ್ಷ ಅದನ್ನೇ ಓದಿದವನು. ವಿಮೆಯ ಅರ್ಜಿ ತುಂಬಿಸಲು ಭಾವ ಆ ಫೈಲನ್ನು ನನ್ನ ಕೈಯಲ್ಲಿ ಕೊಟ್ಟಿದ್ದರು, ಎಂಟು ದಿನ ನನ್ನ ಮೇಜಿನ ಮೇಲಿತ್ತು. ನಾನು ಬಿಲ್ಲುಗಳನ್ನು ಕೂಡಿಸಿದೆ. ಆ ಹಾಳೆಯನ್ನು ಓದಲಿಲ್ಲ.

ಭಾವ ಈಗ ನಡೆಯುತ್ತಾರೆ. ಮಾತು ಮರಳಿಲ್ಲ. "ಹೌದು" ಮತ್ತು ಅಕ್ಕನ ಹೆಸರು, ಇವೆರಡೇ ಬರುತ್ತವೆ. ಮರುವರ್ಷ ನನಗೇ ಎ.ಎಫ್. ಎಂದು ತಿಳಿದಾಗ ನಾನು ಹಾಳೆಯ ಪ್ರತಿ ಸಾಲನ್ನೂ ಓದಿದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಎರಡು ತಿಂಗಳ ನಂತರ ಮಾತ್ರೆ ಮುಂದುವರಿಸಬೇಕೇ ಎಂಬುದನ್ನು ತಾಳ ನೋಡಿ ಅಲ್ಲ, ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹಿಂದೆ ಆದ ಪಾರ್ಶ್ವವಾಯು ಇವುಗಳ ಲೆಕ್ಕ ಹಾಕಿ ವೈದ್ಯರು ನಿರ್ಧರಿಸುತ್ತಾರೆ. ನನಗೀಗ 66, ರಕ್ತದೊತ್ತಡವೂ ಇದೆ. ಬಡಿತ ಸರಿಯಿದ್ದರೂ ಮಾತ್ರೆ ಮುಂದುವರಿದಿದೆ.

ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರು ಐ.ಎನ್.ಆರ್. ಎಂಬ ರಕ್ತ ಪರೀಕ್ಷೆ ತಪ್ಪಿಸಬಾರದು. ಎ.ಎಫ್.ಗೆ ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಬಸಳೆ, ಹರಿವೆ, ನುಗ್ಗೆಸೊಪ್ಪು ಬಿಡಬೇಕಿಲ್ಲ, ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಎಂದು ಆಗಬಾರದು. ಕೃತಕ ಲೋಹದ ಕವಾಟ ಇರುವವರಿಗೆ ಮತ್ತು ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಿಗೆ ಹೊಸ ಮಾತ್ರೆಗಳಲ್ಲ, ಇದೇ ಹಳೆಯ ಮಾತ್ರೆ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ, ರಕ್ತಸ್ರಾವ ಆಗಬಹುದು. ಹಲ್ಲು ಕೀಳಿಸುವಾಗ ದಂತವೈದ್ಯರಿಗೆ ಈ ಮಾತ್ರೆಯ ವಿಷಯ ಮೊದಲೇ ತಿಳಿಸಿ.

10. ಕಾಯದೆ ಹೊರಡಬೇಕಾದ ಲಕ್ಷಣಗಳು

ತೊಡೆಸಂದಿನಿಂದ ರಕ್ತ ಬಂದರೆ ಮಲಗಿಸಿ, ಗಟ್ಟಿಯಾಗಿ 10 ನಿಮಿಷ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ, ಅಥವಾ ಅಲ್ಲಿ ಗಂಟು ಬೇಗ ಬೆಳೆದರೆ ಆಸ್ಪತ್ರೆಗೆ ಹೊರಡಿ.

ಎದೆ ನೋವು ಹೆಚ್ಚುತ್ತ ಹೋದರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ ಹೊರಡಿ.

ಮುಖ ಒಂದು ಬದಿಗೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಎಣ್ಣೆ ತಿಕ್ಕುತ್ತ ಕೂರಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯ ಒಳಗಿನ ಸಮಯ ಬೇಕು. ಶುರುವಾದ ಗಂಟೆಯನ್ನು ಬರೆದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆಯ ಹೆಸರು, ಕೊನೆಯದಾಗಿ ನುಂಗಿದ ಹೊತ್ತು ಹೇಳಿ.

ಎ.ಎಫ್. ಅಬ್ಲೇಶನ್ ಆಗಿ ಎರಡು ತಿಂಗಳೊಳಗೆ ಜ್ವರ, ನುಂಗುವಾಗ ನೋವು, ರಕ್ತ ವಾಂತಿ ಬಂದರೆ ಸಾಮಾನ್ಯ ಜ್ವರವೆಂದು ಊರ ಕ್ಲಿನಿಕ್ಕಿನಲ್ಲಿ ಮಾತ್ರೆ ತಂದು ಸುಮ್ಮನಿರಬೇಡಿ. "ಅಬ್ಲೇಶನ್ ಆಗಿದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಗಂಟಲಿಗೆ ಎಂಡೋಸ್ಕೋಪಿ ಹಾಕುವ ಮೊದಲು ಅಬ್ಲೇಶನ್ ಮಾಡಿದ ವೈದ್ಯರನ್ನು ಕೇಳಲು ಹೇಳಿ. ಆ ಸಮಯದಲ್ಲಿ ಬೇಕಾದದ್ದು ಸಿ.ಟಿ. ಸ್ಕ್ಯಾನ್.

ಆಂಬುಲೆನ್ಸಿಗೆ 108, ತುರ್ತು ಸಹಾಯಕ್ಕೆ 112.

11. ಭಾಷೆ ಮತ್ತು ಸಹಿ

ಗಡಿಯ ಕನ್ನಡಿಗರಿಗೆ ಇದು ಸಣ್ಣ ವಿಷಯವಲ್ಲ. ಸೊಲ್ಲಾಪುರದಲ್ಲಿ ಕಾಗದ ಮರಾಠಿಯಲ್ಲಿ, ತಾಳವಾಡಿಯವರಿಗೆ ತಮಿಳಿನಲ್ಲಿ, ಆದೋನಿಯವರಿಗೆ ತೆಲುಗಿನಲ್ಲಿ, ಇಲ್ಲದಿದ್ದರೆ ಇಂಗ್ಲಿಷಿನಲ್ಲಿ. ನಾನು ಕಚೇರಿಯಲ್ಲಿ ಸಾವಿರಾರು ಜನರಿಗೆ "ಓದಿ ನೋಡಿ ಸಹಿ ಹಾಕಿ" ಎಂದವನು. ಅವರಲ್ಲಿ ಎಷ್ಟು ಮಂದಿ ಓದಿದರು ಎಂದು ಈಗ ಯೋಚಿಸುತ್ತೇನೆ.

ಚಿಕಿತ್ಸೆಗೆ ಒಪ್ಪಿಗೆ ಎಂದರೆ ಬರೀ ಸಹಿ ಅಲ್ಲ. ಚಿಕಿತ್ಸೆ ಏನು, ಲಾಭ ಏನು, ಅಪಾಯ ಏನು, ಬೇರೆ ದಾರಿ ಏನು ಎಂದು ರೋಗಿಗೆ ತಿಳಿಸಿದ ಮೇಲೆ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ತಿಳಿಯುವ ಭಾಷೆಯಲ್ಲಿ ಮಾಹಿತಿ ಪಡೆಯುವ ಹಕ್ಕು ಇದೆ. ಹೀಗಿರುವಾಗ "ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ" ಎಂದು ಕೇಳುವುದು ಜಗಳವಲ್ಲ. ವಿನಯವಾಗಿಯೇ ಕೇಳಿ. ಕನ್ನಡ ಬಲ್ಲ ನರ್ಸೋ ಸಿಬ್ಬಂದಿಯೋ ಬಹುತೇಕ ಕಡೆ ಸಿಗುತ್ತಾರೆ. ಹೊರಡುವ ದಿನ ಪ್ರತಿ ಮಾತ್ರೆಯ ಡಬ್ಬಿಯ ಮೇಲೆ ಕನ್ನಡದಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಯಾಕೆ, ಯಾವಾಗ, ಎಲ್ಲಿಯವರೆಗೆ.

ವೈದ್ಯಕೀಯ ದಾಖಲೆ ಬೇಕೆಂದು ಬರೆದು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ಗಡಿ ದಾಟಿ ಮಂಗಳೂರಿಗೋ ಬೆಂಗಳೂರಿಗೋ ಎರಡನೆಯ ಅಭಿಪ್ರಾಯಕ್ಕೆ ಹೋಗುವವರಿಗೆ ಇದು ಬೇಕಾಗುತ್ತದೆ.

12. ಖರ್ಚು

ಸರಳ ಎಸ್.ವಿ.ಟಿ. ಅಬ್ಲೇಶನ್‌ಗಿಂತ ಎ.ಎಫ್. ಅಬ್ಲೇಶನ್ ಬಹಳ ದುಬಾರಿ. ಬಳಸುವ ಕ್ಯಾಥೆಟರುಗಳ ಬೆಲೆಯೇ ದೊಡ್ಡ ಪಾಲು. ಅಂದಾಜನ್ನು ಬರಹದಲ್ಲಿ ಪಡೆಯಿರಿ. ಕ್ಯಾಥೆಟರ್, ನಕ್ಷೆಯ ಯಂತ್ರ, ಅರಿವಳಿಕೆ ಸೇರಿದೆಯೇ ಎಂದು ಕೇಳಿ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. 70 ದಾಟಿದವರಿಗೆ 2024ರಿಂದ ಆದಾಯದ ಮಿತಿ ನೋಡದೆ ಕಾರ್ಡ್ ಕೊಡುತ್ತಾರೆ. ಈ ಕಾರ್ಡನ್ನು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಬಳಸಲು ಅವಕಾಶವಿದೆ. ಹೊರಡುವ ಮೊದಲು ಆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಫೋನಿನಲ್ಲಿ ಕೇಳಿ, ಈ ಚಿಕಿತ್ಸೆಗೆ ಅಲ್ಲಿ ಒಪ್ಪಿಗೆ ಸಿಗುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಕರ್ನಾಟಕ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿದೆ. ಹೊಸೂರು, ತಾಳವಾಡಿ, ಅಕ್ಕಲಕೋಟೆ ಕಡೆಯವರಿಗೆ ಇವು ದೂರವಲ್ಲ. ನಮ್ಮ ಪಡಿತರ ಚೀಟಿ ಬೇರೆ ರಾಜ್ಯದ್ದಾದ್ದರಿಂದ ಯಾವ ದಾಖಲೆ ನಡೆಯುತ್ತದೆ ಎಂದು ಮೊದಲೇ ವಿಚಾರಿಸಿ.

13. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಚೀಟಿಯಲ್ಲಿ ಬರೆದು ಒಯ್ಯಿರಿ, ಎದುರು ಕುಳಿತಾಗ ಮರೆಯುತ್ತದೆ.

ನನಗಿರುವ ತೊಂದರೆಯ ಹೆಸರೇನು? ಮಾತ್ರೆಯಲ್ಲೇ ಮುಂದುವರಿದರೆ ಏನಾಗುತ್ತದೆ?
ನನ್ನ ವಯಸ್ಸಿಗೆ, ನನ್ನ ಹೃದಯಕ್ಕೆ ಫಲ ಎಷ್ಟು, ಅಪಾಯ ಎಷ್ಟು?
ಈ ಚಿಕಿತ್ಸೆಯನ್ನು ನೀವು ವರ್ಷಕ್ಕೆ ಎಷ್ಟು ಮಂದಿಗೆ ಮಾಡುತ್ತೀರಿ?
ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು?
ಮರುಪರೀಕ್ಷೆ ಯಾವಾಗ? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಕೊನೆಯದಾಗಿ ಒಂದು ವಿನಂತಿ. ಯಾವುದೇ ಸದಸ್ಯರ ಮನೆಯಲ್ಲಿ ಓದಲು ಬಾರದ ಭಾಷೆಯ ಡಿಸ್ಚಾರ್ಜ್ ಚೀಟಿ ಇದ್ದರೆ ಮಾಸಿಕ ಸಭೆಯ ದಿನ ತನ್ನಿ, ಅಥವಾ ಫೋಟೋ ತೆಗೆದು ಸಂಘಕ್ಕೆ ಕಳಿಸಿ. ನಮ್ಮಲ್ಲಿ ಮಲಯಾಳ, ತಮಿಳು, ಮರಾಠಿ, ತೆಲುಗು, ಕೊಂಕಣಿ ಎಲ್ಲವನ್ನೂ ಬಲ್ಲವರಿದ್ದಾರೆ. ಗಡಿಯಲ್ಲಿ ಬದುಕಿದ್ದಕ್ಕೆ ನಮಗೆ ಸಿಕ್ಕ ಆಸ್ತಿ ಅದು. ಕನ್ನಡದಲ್ಲಿ ಬರೆದು ಕೊಡುತ್ತೇವೆ, ಆಮೇಲೆ ನಿಮ್ಮ ವೈದ್ಯರಿಗೆ ತೋರಿಸಿ ಸರಿಯಿದೆಯೇ ಎಂದು ಕೇಳಿಕೊಳ್ಳಿ. ಬಿಲ್ಲು ಕೂಡಿಸುವುದು ಆಮೇಲೆ. ಮೊದಲು ಮೂರನೆಯ ಸಾಲು ಓದೋಣ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ